ದಾರಿ ಹೇಳುವ ಇಂಗ್ಲಿಷಿನಲ್ಲಿ ಟು, ಇಂಟು, ಥ್ರೂ, ಅಕ್ರಾಸ್: ಎಲ್ಲಿ ಯಾವುದು?

ಪ್ರಶ್ನೆ | ಕಕ್ಕಬ್ಬೆ ಸಂಜೆ ತರಗತಿ

ಕಕ್ಕಬ್ಬೆ, ನಾಪೋಕ್ಲು ಸುತ್ತಮುತ್ತಲಿನ ಹೋಂಸ್ಟೇಗಳಲ್ಲಿ ಕೆಲಸ ಮಾಡುವ, ಜೀಪು ಓಡಿಸುವ, ತಡಿಯಂಡಮೋಳ್ ಬೆಟ್ಟಕ್ಕೆ ಚಾರಣಿಗರನ್ನು ಕರೆದೊಯ್ಯುವ ಯುವಕ ಯುವತಿಯರ ಒಂದು ಸಣ್ಣ ಗುಂಪಿಗೆ ನಾನು ಸಂಜೆ ಹೊತ್ತು ಇಂಗ್ಲಿಷ್ ಹೇಳಿಕೊಡುತ್ತೇನೆ. ಮನೆಯಲ್ಲಿ ಕೊಡವ ತಕ್ಕ್, ಅರೆಭಾಷೆ ಅಥವಾ ಮಲಯಾಳ ಆಡುವವರಾದರೂ ಇವರೆಲ್ಲ ಓದಿರುವುದು ಕನ್ನಡ ಮಾಧ್ಯಮದಲ್ಲಿ. ಹಾಗಾಗಿ ಇಂಗ್ಲಿಷ್ ವಾಕ್ಯ ಕಟ್ಟುವ ಮೊದಲು ಕನ್ನಡದ ವಾಕ್ಯವೊಂದು ಮನಸ್ಸಿನಲ್ಲಿ ಸಿದ್ಧವಾಗಿರುತ್ತದೆ. ಇವರಿಗೆ ಬೇಕಾದದ್ದು ಕಥೆ, ಪ್ರಬಂಧಗಳ ಇಂಗ್ಲಿಷ್ ಅಲ್ಲ, ದಾರಿ ಹೇಳುವ ಇಂಗ್ಲಿಷ್. ನಮ್ಮ ಕಡೆ ಮೊಬೈಲ್ ಸಿಗ್ನಲ್ ಸಿಗದ ತಿರುವುಗಳು ಬೇಕಾದಷ್ಟಿವೆ. ಅಂಥ ಕಡೆ ನಕ್ಷೆ ಕೈಕೊಟ್ಟರೆ ಅತಿಥಿಗಳಿಗೆ ಉಳಿಯುವುದು ಮೊದಲೇ ಕಳುಹಿಸಿದ ನಾಲ್ಕು ಸಾಲಿನ ಸಂದೇಶ ಮಾತ್ರ.

ತರಗತಿಯಲ್ಲಿ ಅಂಥದೊಂದು ಸಂದೇಶ ಬರೆಯಲು ಹೇಳಿದಾಗ ಬಂದ ಉತ್ತರಗಳಿಂದ ಆಯ್ದ ವಾಕ್ಯಗಳನ್ನು ಇಲ್ಲಿ ಕೊಡುತ್ತಿದ್ದೇನೆ. ‘ರೀಚ್ ಟು ಕಕ್ಕಬ್ಬೆ. ಕ್ರಾಸ್ ದ ಬ್ರಿಡ್ಜ್ ಅಂಡ್ ಕಮ್ ಟಿಲ್ ದ ಟೆಂಪಲ್ ಆರ್ಚ್. ಟೇಕ್ ಟು ಲೆಫ್ಟ್. ಗೋ ಇನ್‌ಸೈಡ್ ದ ಎಸ್ಟೇಟ್ ಅಂಡ್ ಕಮ್ ಔಟ್‌ಸೈಡ್. ಡ್ರೈವ್ ಇಂಟು ದ ಗೇಟ್. ಗೆಟ್ ಡೌನ್ ಫ್ರಮ್ ದ ಜೀಪ್ ಅಂಡ್ ಕಮ್ ಟು ಹೋಮ್.’

ಇವುಗಳಲ್ಲಿ ಯಾವುದು ತಪ್ಪು ಎಂಬುದನ್ನು ಬಹುಮಟ್ಟಿಗೆ ಗುರುತಿಸಬಲ್ಲೆ. ಆದರೆ ಏಕೆ ತಪ್ಪು ಎಂದು ಕೇಳಿದಾಗ ‘ಇಂಗ್ಲಿಷಿನಲ್ಲಿ ಹಾಗೆ ಹೇಳುವುದಿಲ್ಲ’ ಎಂಬ ಉತ್ತರದಿಂದ ಅವರಿಗೂ ತೃಪ್ತಿಯಿಲ್ಲ, ನನಗೂ ಇಲ್ಲ. ಕನ್ನಡದ ‘ಗೆ’, ‘ಕ್ಕೆ’ ಇದ್ದಲ್ಲೆಲ್ಲ ಟು ಹಾಕುವ ಅಭ್ಯಾಸವನ್ನು ಬಿಡಿಸುವುದು ಹೇಗೆ? ಥ್ರೂ, ಅಕ್ರಾಸ್, ಅಲಾಂಗ್, ಓವರ್ ಇವುಗಳಿಗೆ ಕನ್ನಡದಲ್ಲಿ ಒಂದೊಂದು ಸಮಾನ ಪದ ಬರೆಸಿ ಬಾಯಿಪಾಠ ಮಾಡಿಸುವುದು ಪ್ರಯೋಜನಕ್ಕೆ ಬರುತ್ತದೆಯೇ? ವ್ಯಾಕರಣ ಪುಸ್ತಕದ ಪಟ್ಟಿಗಿಂತ ಗಟ್ಟಿಯಾದ ದಾರಿಯೊಂದನ್ನು ಅನುಭವಿಗಳು ತಿಳಿಸಿದರೆ ಉಪಕಾರವಾಗುತ್ತದೆ.

ಉತ್ತರ | ನಿವೃತ್ತ ಇಂಗ್ಲಿಷ್ ಉಪನ್ಯಾಸಕ, ವಿರಾಜಪೇಟೆ

ಸಮಾನ ಪದಗಳ ಪಟ್ಟಿಯನ್ನು ದಯವಿಟ್ಟು ಬರೆಸಬೇಡಿ. ಆ ಪಟ್ಟಿಯೇ ಅರ್ಧ ತೊಂದರೆಗೆ ಮೂಲ. ಥ್ರೂ ಎಂದರೆ ‘ಮೂಲಕ’ ಎಂದು ಕಲಿತ ಹುಡುಗ ಹುಣಸೂರಿನ ಮೂಲಕ ಬರಬಲ್ಲ, ಆದರೆ ಕಾಫಿ ತೋಟದ ನಡುವೆ ನಡೆದು ಹೋಗುವಾಗ ‘ಮೂಲಕ’ ಎಂಬ ಮಾತು ಅವನ ಬಾಯಿಗೆ ಬರುವುದೇ ಇಲ್ಲ. ಆದ್ದರಿಂದ ಥ್ರೂ ಕೂಡ ಬರುವುದಿಲ್ಲ, ಅದರ ಜಾಗದಲ್ಲಿ ಇನ್‌ಸೈಡ್ ಬಂದು ಕೂರುತ್ತದೆ.

ಕನ್ನಡದಲ್ಲಿ ನಾವು ದಾರಿ ಹೇಳುವ ಬಗೆಯನ್ನು ಒಮ್ಮೆ ಗಮನಿಸಿ. ‘ಸೇತುವೆ ದಾಟಿ, ಶಾಲೆ ಕಳೆದು, ತೋಟ ಹಾದು, ಗುಡ್ಡ ಹತ್ತಿ ಇಳಿದು, ಕೆರೆ ಬಳಸಿ ಬನ್ನಿ’ ಎನ್ನುತ್ತೇವೆ. ದಾರಿಯ ಆಕಾರವೆಲ್ಲ ದಾಟಿ, ಕಳೆದು, ಹಾದು, ಬಳಸಿ ಎಂಬ ಕ್ರಿಯಾರೂಪಗಳಲ್ಲಿದೆ. ಇಂಗ್ಲಿಷ್ ಅದೇ ಕೆಲಸವನ್ನು ಬಹುಪಾಲು ಈ ಸಣ್ಣ ಪದಗಳಿಗೆ ವಹಿಸಿಬಿಡುತ್ತದೆ: ಅಕ್ರಾಸ್ ದ ಬ್ರಿಡ್ಜ್, ಪಾಸ್ಟ್ ದ ಸ್ಕೂಲ್, ಥ್ರೂ ದ ಎಸ್ಟೇಟ್, ಓವರ್ ದ ಹಿಲ್, ರೌಂಡ್ ದ ಟ್ಯಾಂಕ್. ಕ್ರಿಯಾಪದ ಮಾತ್ರ ವಾಕ್ ಎಂದೋ ಡ್ರೈವ್ ಎಂದೋ ಒಂದೇ ಇದ್ದು, ನಡೆದಿರೋ ಗಾಡಿ ಓಡಿಸಿದಿರೋ ಎಂಬಷ್ಟನ್ನೇ ಹೇಳುತ್ತದೆ. ಅಮೆರಿಕದ ಭಾಷಾಶಾಸ್ತ್ರಜ್ಞ ಲೆನಾರ್ಡ್ ಟಾಲ್ಮಿ ಲೋಕದ ಭಾಷೆಗಳನ್ನು ಈ ವ್ಯತ್ಯಾಸದ ಮೇಲೆಯೇ ಎರಡು ಬಗೆಯಾಗಿ ವಿಂಗಡಿಸಿದ್ದಾರೆ. ಚಲನೆಯ ಹಾದಿಯನ್ನು ಕ್ರಿಯಾಪದದೊಳಗೆ ಇಡುವ ಸ್ಪ್ಯಾನಿಷ್, ಫ್ರೆಂಚ್ ಒಂದು ಕಡೆಯಾದರೆ, ಅದನ್ನು ಹೊರಗಿನ ಸಣ್ಣ ಪದಕ್ಕೆ ಬಿಡುವ ಇಂಗ್ಲಿಷ್, ಜರ್ಮನ್ ಇನ್ನೊಂದು ಕಡೆ. ಈ ವಿಷಯದಲ್ಲಿ ಕನ್ನಡದ ರೂಢಿ ಮೊದಲನೆಯ ಗುಂಪಿಗೆ ಹತ್ತಿರ. ಆದ್ದರಿಂದ ವಿದ್ಯಾರ್ಥಿಗಳಿಗೆ ಹೇಳಬೇಕಾದದ್ದು ಇಷ್ಟು: ಕನ್ನಡ ವಾಕ್ಯದಲ್ಲಿ ದಾಟಿ, ಹಾದು, ಕಳೆದು ಎಂಬಂಥ ಮಾತು ಎಲ್ಲಿ ಬಂತೋ ಅಲ್ಲೇ ಇಂಗ್ಲಿಷಿನ ಪ್ರಿಪೊಸಿಷನ್ನನ್ನು ಹುಡುಕಿ. ವಿಭಕ್ತಿ ಪ್ರತ್ಯಯದ ಬಾಲ ಹಿಡಿದು ಹೊರಟರೆ ‘ಗೆ’ ಎಂದಲ್ಲೆಲ್ಲ ಟು, ‘ಇಂದ’ ಎಂದಲ್ಲೆಲ್ಲ ಫ್ರಮ್ ಬರುತ್ತವೆಯೇ ಹೊರತು ಬೇರೇನೂ ಸಿಗದು.

ಇನ್ನು ಟು ಬೇಡದ ಕಡೆಗಳು. ಇಂಗ್ಲಿಷಿನಲ್ಲೂ ಕೆಲವು ಕ್ರಿಯಾಪದಗಳು ನಮ್ಮ ‘ದಾಟು’, ‘ಸೇರು’ಗಳಂತೆ ಹಾದಿಯನ್ನೋ ಗುರಿಯನ್ನೋ ತಮ್ಮೊಳಗೇ ಇಟ್ಟುಕೊಂಡಿವೆ. ರೀಚ್, ಎಂಟರ್, ಅಪ್ರೋಚ್, ಕ್ರಾಸ್, ಲೀವ್ ಇಂಥವು. ಇವುಗಳ ಮುಂದೆ ಸ್ಥಳದ ಹೆಸರು ನೇರವಾಗಿ ಬರುತ್ತದೆ: ರೀಚ್ ಕಕ್ಕಬ್ಬೆ, ಎಂಟರ್ ದ ಹೌಸ್, ಅಪ್ರೋಚ್ ದ ಬ್ರಿಡ್ಜ್. ಎಂಟರ್, ಅಪ್ರೋಚ್ ಎರಡೂ ಫ್ರೆಂಚಿನಿಂದ ಇಂಗ್ಲಿಷಿಗೆ ಬಂದವು ಎಂಬುದು ಮೇಲೆ ಹೇಳಿದ ಮಾತಿಗೆ ಪುಷ್ಟಿ ಕೊಡುತ್ತದೆ. ಎಂಟರ್ ಇಂಟು ಎಂಬುದು ಇಲ್ಲವೇ ಇಲ್ಲ ಎಂದಲ್ಲ. ಒಪ್ಪಂದ, ಕರಾರು, ಚರ್ಚೆಗಳಿಗೆ ‘ಎಂಟರ್ ಇಂಟು’ ಸಲ್ಲುತ್ತದೆ, ಮನೆಗೆ, ಕೋಣೆಗೆ, ಕಾಡಿಗೆ ಸಲ್ಲುವುದಿಲ್ಲ. ರೀಚ್ ಬದಲು ಅರೈವ್ ಬಳಸಿದರೆ ಊರಿಗೆ ಇನ್, ನಿರ್ದಿಷ್ಟ ಜಾಗಕ್ಕೆ ಆಟ್: ಅರೈವ್ ಇನ್ ಮಡಿಕೇರಿ, ಅರೈವ್ ಆಟ್ ದ ಹೋಂಸ್ಟೇ. ಅರೈವ್ ಟು ಎಂಬುದು ಮಾತ್ರ ಇಲ್ಲ. ಗೆಟ್ ಎಂಬ ಪದಕ್ಕಾದರೆ ಟು ಬೇಕೇ ಬೇಕು: ಗೆಟ್ ಟು ಕಕ್ಕಬ್ಬೆ.

ಹೋಮ್, ಹಿಯರ್, ದೇರ್, ಅಪ್‌ಸ್ಟೇರ್ಸ್, ಅಬ್ರಾಡ್ ಇವುಗಳ ಹಿಂದೆಯೂ ಟು ಬರುವುದಿಲ್ಲ. ಇವು ನಾಮಪದಗಳಂತೆ ಕಂಡರೂ ಇಲ್ಲಿ ಅವ್ಯಯಗಳಂತೆ ಕೆಲಸ ಮಾಡುತ್ತವೆ. ಕನ್ನಡದಲ್ಲೂ ‘ಮೇಲೆ ಹೋಗಿ’, ‘ಒಳಗೆ ಬನ್ನಿ’ ಎನ್ನುವಾಗ ಇನ್ನೊಂದು ‘ಗೆ’ ಸೇರಿಸುವುದಿಲ್ಲವಷ್ಟೆ. ಆದರೆ ಹೋಮ್ ಹಿಂದೆ ‘ಅವರ್’, ‘ಹಿಸ್’ ಬಂದರೆ ಅದು ನಾಮಪದವಾಗಿ ಟು ಕೇಳುತ್ತದೆ: ಗೋ ಹೋಮ್, ಆದರೆ ಕಮ್ ಟು ಅವರ್ ಹೋಮ್.

ನಿಮ್ಮ ಉದಾಹರಣೆಗಳಲ್ಲಿ ನಿಜಕ್ಕೂ ಅಪಾಯಕಾರಿಯಾದದ್ದು ‘ಡ್ರೈವ್ ಇಂಟು ದ ಗೇಟ್’. ಇಂಟು ಎಂದರೆ ಹೊರಗಿನಿಂದ ಒಳಗೆ. ಮನೆಗೆ, ಅಂಗಳಕ್ಕೆ, ಕಾಡಿಗೆ ‘ಒಳಗು’ ಇದೆ, ಗೇಟಿಗೆ ಒಳಗಿಲ್ಲ. ಒಳಗಿಲ್ಲದ ವಸ್ತುವಿನ ಮುಂದೆ ಡ್ರೈವ್ ಇಂಟು, ವಾಕ್ ಇಂಟು ಎಂದರೆ ಗುದ್ದುವುದು ಎಂಬ ಅರ್ಥವೇ ಮೊದಲು ಬರುತ್ತದೆ. ‘ಹಿ ಡ್ರೋವ್ ಇಂಟು ಎ ಟ್ರೀ’ ಎಂದರೆ ಗಾಡಿ ಮರಕ್ಕೆ ಬಡಿಯಿತು. ಹಾಗಾಗಿ ‘ಡ್ರೈವ್ ಇನ್ ಥ್ರೂ ದ ಗೇಟ್’ ಎಂದು ಬರೆಸಿ.

ಉತ್ತರ | ಕಾಫಿ ಬೆಳೆಗಾರ, ಸಿದ್ದಾಪುರ ಬದಿ

ಉಪನ್ಯಾಸಕರು ಹೇಳಿದ್ದಕ್ಕೆ ನಮ್ಮ ಕಡೆಯ ಅನುಭವವನ್ನು ಸೇರಿಸುತ್ತೇನೆ. ಇಲ್ಲಿ ಈ ಪದಗಳ ವ್ಯತ್ಯಾಸ ಅತಿಥಿಗಳ ಅನುಕೂಲದ ಪ್ರಶ್ನೆಯಾಗಿ ಉಳಿದಿಲ್ಲ. ತೋಟಗಳಲ್ಲಿ ಕನ್ನಡ ಓದಲು ಬಾರದ ಹೊರ ರಾಜ್ಯಗಳ ಮೇಲ್ವಿಚಾರಕರೂ ಬೆಂಗಳೂರು, ಚೆನ್ನೈಗಳಲ್ಲಿ ಇದ್ದುಕೊಂಡು ತೋಟ ನೋಡಿಕೊಳ್ಳುವ ಮಾಲೀಕರೂ ಇರುವುದರಿಂದ, ಆನೆಗಳ ಚಲನವಲನದ ಸಂದೇಶಗಳನ್ನು ನಮ್ಮ ವಾಟ್ಸ್ಆಪ್ ಗುಂಪಿನಲ್ಲಿ ಕನ್ನಡದ ಜೊತೆಗೆ ಇಂಗ್ಲಿಷಿನಲ್ಲೂ ಹಾಕುತ್ತೇವೆ. ಬೆಳಿಗ್ಗೆ ಕಾಫಿ ಕೊಯ್ಲಿಗೆ ಆಳುಗಳನ್ನು ಯಾವ ಬದಿಗೆ ಕಳುಹಿಸಬೇಕು ಎಂಬುದು ಆ ಒಂದು ಸಾಲಿನ ಮೇಲೆ ನಿಂತಿರುತ್ತದೆ.

‘ಹರ್ಡ್ ವೆಂಟ್ ಟು ದ ಲೈನ್ ಹೌಸಸ್’ ಎಂದರೆ ಹಿಂಡು ಲೈನ್ ಮನೆಗಳನ್ನು, ಅಂದರೆ ತೋಟದ ಆಳುಗಳು ಇರುವ ಸಾಲುಮನೆಗಳನ್ನು, ತಲುಪಿದೆ. ‘ಟುವರ್ಡ್ಸ್ ದ ಲೈನ್ ಹೌಸಸ್’ ಎಂದರೆ ಆ ದಿಕ್ಕಿಗೆ ಮುಖ ಮಾಡಿದೆ, ತಲುಪಿತೋ ಇಲ್ಲವೋ ನೋಡಿದವರು ಹೇಳುತ್ತಿಲ್ಲ. ‘ಪಾಸ್ಟ್ ದ ಲೈನ್ ಹೌಸಸ್’ ಎಂದರೆ ಪಕ್ಕದಲ್ಲೇ ಹಾದು ಮುಂದೆ ಹೋಯಿತು, ಸದ್ಯಕ್ಕೆ ಉಸಿರು ಬಿಡಬಹುದು. ಕನ್ನಡದಲ್ಲಿ ‘ಲೈನ್ ಮನೆ ಕಡೆಗೆ ಹೋಯಿತು’ ಎಂಬ ಒಂದೇ ಮಾತನ್ನು ಈ ಮೂರಕ್ಕೂ ಸಡಿಲವಾಗಿ ಆಡುವ ರೂಢಿ ಇರುವುದರಿಂದ ಬರೆಯುವವರಿಗೆ ಮೂರೂ ಒಂದೇ ಎನಿಸುತ್ತದೆ. ಓದುವ ಮಾಲೀಕನಿಗೆ ಒಂದೇ ಅಲ್ಲ.

ಹಾಗೆಯೇ ರಸ್ತೆ. ‘ವಾಕಿಂಗ್ ಅಲಾಂಗ್ ದ ರೋಡ್’ ಎಂದರೆ ಆನೆ ರಸ್ತೆಯ ಉದ್ದಕ್ಕೂ ನಡೆಯುತ್ತಿದೆ, ಅಂದರೆ ಬೈಕಿನವನು ಮುಂದಿನ ತಿರುವಿನಲ್ಲೂ ಅದನ್ನು ಎದುರುಗೊಳ್ಳಬಹುದು. ‘ವಾಕ್ಡ್ ಅಕ್ರಾಸ್ ದ ರೋಡ್’ ಎಂದರೆ ಒಂದು ಬದಿಯ ತೋಟದಿಂದ ಇನ್ನೊಂದು ಬದಿಯ ತೋಟಕ್ಕೆ ದಾಟಿದೆ, ರಸ್ತೆ ತೆರವಾಗಿದೆ. ಕಂದಕದ ವಿಷಯದಲ್ಲೂ ಅಷ್ಟೇ: ಇಂಟು ದ ಟ್ರೆಂಚ್ ಎಂದರೆ ಬಿದ್ದಿದೆ, ಅಲಾಂಗ್ ದ ಟ್ರೆಂಚ್ ಎಂದರೆ ದಾಟುವ ಜಾಗ ಹುಡುಕುತ್ತಾ ಪಕ್ಕದಲ್ಲೇ ಸಾಗುತ್ತಿದೆ, ಅಕ್ರಾಸ್ ದ ಟ್ರೆಂಚ್ ಎಂದರೆ ದಾಟಿ ನಮ್ಮ ಬದಿಗೆ ಬಂದಾಗಿದೆ. ಸೋಲಾರ್ ಬೇಲಿಯನ್ನು ಮುರಿದು ನುಗ್ಗಿದರೆ ಥ್ರೂ ದ ಫೆನ್ಸ್, ರೈಲು ಕಂಬಿಯ ತಡೆಗೋಡೆಯ ಮೇಲೆ ಕಾಲಿಟ್ಟು ದಾಟಿದರೆ ಓವರ್ ದ ಬ್ಯಾರಿಕೇಡ್. (ಕೊಡಗಿಗೆ ರೈಲು ಬರಲಿಲ್ಲ, ಕಂಬಿಗಳು ಮಾತ್ರ ಆನೆ ತಡೆಯಲು ಬಂದವು, ಅದು ಬೇರೆ ಮಾತು.)

ಇನ್ನೊಂದು ಸೂಕ್ಷ್ಮ ವ್ಯತ್ಯಾಸ. ‘ದ ಎಲಿಫೆಂಟ್ ರಾನ್ ಟು ಅಸ್’ ಎಂದು ಒಬ್ಬ ಹುಡುಗ ಬರೆದಿದ್ದ. ಹಾಗೆಂದರೆ ಮಗು ತಾಯಿಯ ಬಳಿ ಓಡಿ ಬಂದಂತೆ ಆನೆ ಪ್ರೀತಿಯಿಂದ ಬಂತು ಎಂಬ ಧ್ವನಿ ಬರುತ್ತದೆ. ಅಟ್ಟಿಸಿಕೊಂಡು ಮೇಲೆರಗಲು ಬಂದರೆ ‘ರಾನ್ ಆಟ್ ಅಸ್’, ಬರೀ ದಿಕ್ಕು ಹೇಳುವುದಾದರೆ ‘ರಾನ್ ಟುವರ್ಡ್ಸ್ ಅಸ್’. ಥ್ರೋ, ಶೌಟ್ ಪದಗಳಲ್ಲೂ ಇದೇ ಭೇದ: ಚೆಂಡನ್ನು ಹಿಡಿಯಲೆಂದು ಎಸೆದರೆ ಟು, ಹೊಡೆಯಲೆಂದು ಎಸೆದರೆ ಆಟ್.

ಉಪನ್ಯಾಸಕರಲ್ಲಿ ಒಂದು ಸಂದೇಹ. ತೆರೆದ ಬಯಲಿಗೆ ಅಕ್ರಾಸ್, ಸುತ್ತುವರಿದ ಜಾಗಕ್ಕೆ ಥ್ರೂ ಎಂದು ಎಲ್ಲ ಪುಸ್ತಕಗಳೂ ಹೇಳುತ್ತವೆ. ಗದ್ದೆಯನ್ನು ಯಾವಾಗಲೂ ಅಕ್ರಾಸ್ ಪಟ್ಟಿಯಲ್ಲೇ ಇಡುತ್ತವೆ. ಆದರೆ ಆನೆ ಗದ್ದೆಯಲ್ಲಿ ನಡೆದು ಬೆಳೆ ತುಳಿದಾಗ ಅಕ್ರಾಸ್ ಎಂದು ಬರೆಯಲು ನನಗೆ ಮನಸ್ಸು ಬರುವುದಿಲ್ಲ.

ಉತ್ತರ | ನಿವೃತ್ತ ಇಂಗ್ಲಿಷ್ ಉಪನ್ಯಾಸಕ, ವಿರಾಜಪೇಟೆ

ನಿಮ್ಮ ಮನಸ್ಸು ಹೇಳಿದ್ದೇ ಸರಿ. ಪ್ರಿಪೊಸಿಷನ್ ಗದ್ದೆ ಎಂಬ ಹೆಸರಿಗೆ ಅಂಟಿಕೊಂಡಿರುವುದಿಲ್ಲ. ಆ ಹೊತ್ತಿನಲ್ಲಿ ಗದ್ದೆಯನ್ನು ನಾವು ಏನೆಂದು ಕಾಣುತ್ತೇವೆ ಎಂಬುದಕ್ಕೆ ಅಂಟಿಕೊಂಡಿರುತ್ತದೆ. ಹುತ್ತರಿ ಕಳೆದು ಕೊಯ್ಲು ಮುಗಿದ ಮೇಲೆ ಗದ್ದೆ ಒಂದು ಹಾಸು, ಅದರ ಈ ಅಂಚಿನಿಂದ ಆ ಅಂಚಿಗೆ ಹೋಗುವುದು ಅಕ್ರಾಸ್ ದ ಫೀಲ್ಡ್. ಹುತ್ತರಿಗೆ ಮುನ್ನ ಸೊಂಟದೆತ್ತರ ತೆನೆ ನಿಂತಿರುವಾಗ ಅದೇ ಗದ್ದೆ ಸುತ್ತಲೂ ಮೈ ತಾಕುವ ಒಂದು ಪೊದೆಯ ಹಾಗೆ; ಅದರೊಳಗೆ ನುಗ್ಗಿ ನಡೆದರೆ ಥ್ರೂ ದ ಪ್ಯಾಡಿ. ಬದುವಿನ ಮೇಲೆ ನಡೆದರೆ ಮೂರನೆಯದು, ಅಲಾಂಗ್ ದ ಬಂಡ್, ಏಕೆಂದರೆ ಬದು ಒಂದು ಗೆರೆ.

ಸಂಜೆ ತರಗತಿಯವರಿಗೆ ನಾನು ಕೊಡುವ ಸಲಹೆಯೂ ಇದೇ. ಬಾಯಿಪಾಠಕ್ಕೆ ಮೊದಲು ಮಕ್ಕಳಿಂದ ದಾರಿಯ ಚಿತ್ರ ಬರೆಸಿ. ಚಿತ್ರದಲ್ಲಿ ಒಂದು ಜಾಗ ಚುಕ್ಕೆಯಾಗಿ ಬಂದರೆ ಟು, ಆಟ್, ಫ್ರಮ್, ಪಾಸ್ಟ್. ಗೆರೆಯಾಗಿ ಬಂದರೆ ಅಲಾಂಗ್, ಡೌನ್, ಅಪ್. ಹಾಸಾಗಿ ಬಂದರೆ ಅಕ್ರಾಸ್, ಆನ್‌ಟು, ಆಫ್. ಸುತ್ತಲೂ ಆವರಿಸಿದ ಜಾಗವಾಗಿ ಬಂದರೆ ಇಂಟು, ಥ್ರೂ, ಔಟ್ ಆಫ್. ಒಂದೇ ಮಡಿಕೇರಿ ಮೂರು ರೂಪದಲ್ಲೂ ಬರಬಹುದು. ‘ಫ್ರಮ್ ಮೈಸೂರು ಟು ಮಡಿಕೇರಿ’ ಎನ್ನುವಾಗ ಅದು ಚುಕ್ಕೆ, ‘ದ ಹೈವೇ ಗೋಸ್ ಥ್ರೂ ಮಡಿಕೇರಿ’ ಎನ್ನುವಾಗ ಹೊಕ್ಕು ಹೊರಬರುವ ಜಾಗ, ‘ಫಾಗ್ ಸ್ಪ್ರೆಡ್ ಅಕ್ರಾಸ್ ಮಡಿಕೇರಿ’ ಎನ್ನುವಾಗ ಹಾಸು.

ಚಿತ್ರ ಬರೆಸಲು ಕಾವೇರಿಗಿಂತ ಒಳ್ಳೆಯ ವಸ್ತು ಬೇರೆ ಬೇಕಿಲ್ಲ. ಹೊಳೆ ಫ್ರಮ್ ತಲಕಾವೇರಿ ಹೊರಟು ಡೌನ್ ಟು ಭಾಗಮಂಡಲ ಇಳಿಯುತ್ತದೆ, ಅಲ್ಲಿ ಕನ್ನಿಕೆ ಬಂದು ಸೇರುತ್ತದೆ; ಮುಂದೆ ತೋಟ ಗದ್ದೆಗಳ ನಡುವೆ ಥ್ರೂ ಕೊಡಗು ಹರಿದು, ಪಾಸ್ಟ್ ದುಬಾರೆ ಸಾಗಿ, ನಿಸರ್ಗಧಾಮದ ದ್ವೀಪವನ್ನು ಬಳಸಿ ರೌಂಡ್ ದ ಐಲ್ಯಾಂಡ್ ಹೋಗಿ, ಕುಶಾಲನಗರದ ಹೆದ್ದಾರಿ ಸೇತುವೆಯ ಕೆಳಗೆ ಅಂಡರ್ ದ ಬ್ರಿಡ್ಜ್ ಹಾದು, ಔಟ್ ಆಫ್ ಕೊಡಗು ಹೊರಟು, ಕೊನೆಗೆ ಇಂಟು ದ ಬೇ ಆಫ್ ಬೆಂಗಾಲ್ ಸೇರುತ್ತದೆ. ನದಿ ಸಮುದ್ರ ಸೇರುವಲ್ಲಿ ಟು ಬದಲು ಇಂಟು ಏಕೆ ಎಂದು ಮಕ್ಕಳನ್ನೇ ಕೇಳಿ. ನೀರು ನೀರಿನೊಳಗೆ ಬೆರೆಯುತ್ತದೆ, ದಡ ಮುಟ್ಟಿ ನಿಲ್ಲುವುದಿಲ್ಲ ಎಂದು ಅವರೇ ಹೇಳುತ್ತಾರೆ.

ಉತ್ತರ | ಟ್ಯಾಕ್ಸಿ ಚಾಲಕ, ಮಡಿಕೇರಿ

ಹತ್ತುವ ಇಳಿಯುವ ಮಾತಿನ ಬಗ್ಗೆ ಯಾರೂ ಹೇಳಿಲ್ಲವಾದ್ದರಿಂದ ಬರೆಯುತ್ತಿದ್ದೇನೆ. ಕನ್ನಡದಲ್ಲಿ ಬಸ್ಸು, ಕಾರು, ಬೈಕು, ದೋಣಿ ಎಲ್ಲಕ್ಕೂ ‘ಹತ್ತಿ’, ‘ಇಳಿಯಿರಿ’ ಎಂಬ ಎರಡೇ ಮಾತು ಸಾಕು. ಇಂಗ್ಲಿಷಿನಲ್ಲಿ ಗಾಡಿ ನೋಡಿ ಮಾತು ಬದಲಾಗುತ್ತದೆ. ಒಳಗೆ ಎದ್ದು ನಿಂತು ನಡೆದಾಡಬಹುದಾದ ಬಸ್ಸು, ರೈಲು, ವಿಮಾನಗಳಿಗೆ ಗೆಟ್ ಆನ್, ಗೆಟ್ ಆಫ್. ತಲೆ ಬಗ್ಗಿಸಿ ಒಳಹೊಕ್ಕು ಕೂರುವ ಕಾರು, ಆಟೋ, ಜೀಪುಗಳಿಗೆ ಗೆಟ್ ಇನ್ ಅಥವಾ ಗೆಟ್ ಇಂಟು, ಇಳಿಯುವಾಗ ಗೆಟ್ ಔಟ್ ಆಫ್. ಕಾಲು ಹಾಕಿ ಮೇಲೆ ಕೂರುವ ಬೈಕು, ಸೈಕಲ್ಲು, ಕುದುರೆಗಳಿಗೆ ಮತ್ತೆ ಆನ್, ಆಫ್. ದುಬಾರೆಯಲ್ಲಿ ಹೊಳೆ ದಾಟಿಸುವ ಸಣ್ಣ ದೋಣಿಗೆ ಗೆಟ್ ಇಂಟು ದ ಬೋಟ್, ದೊಡ್ಡ ಹಡಗಿಗಾದರೆ ಗೆಟ್ ಆನ್ ದ ಶಿಪ್.

ಕೊಡಗಿಗೆ ರೈಲಿಲ್ಲದ ಕಾರಣ ನಮ್ಮ ಅತಿಥಿಗಳಿಗೆ ಹೆಚ್ಚಾಗಿ ಹೇಳಬೇಕಾದ ವಾಕ್ಯ ‘ಗೆಟ್ ಆಫ್ ದ ಟ್ರೈನ್ ಆಟ್ ಮೈಸೂರು ಅಂಡ್ ಟೇಕ್ ಎ ಬಸ್ ಟು ಮಡಿಕೇರಿ ವಯಾ ಹುಣಸೂರು’. ಇದರಲ್ಲಿ ‘ಗೆಟ್ ಡೌನ್’ ಎಲ್ಲೂ ಬೇಕಾಗುವುದಿಲ್ಲ. ಗೆಟ್ ಡೌನ್ ಎಂದರೆ ಏಣಿಯಿಂದಲೋ ಮರದಿಂದಲೋ ಇಳಿಯುವುದು; ಕೆಲವು ಪರದೇಶದವರಿಗೆ ‘ತಲೆ ತಗ್ಗಿಸು, ಬಗ್ಗಿಕೋ’ ಎಂಬ ಎಚ್ಚರಿಕೆಯಾಗಿಯೂ ಕೇಳಿಸುತ್ತದೆ. ನಿಂತ ಗಾಡಿಯಲ್ಲಿ ಹಾಗೆ ಹೇಳಿದಾಗ ಹಿಂದಿನ ಸೀಟಿನವರು ಸೊಂಟ ಬಗ್ಗಿಸಿ ಕಿಟಕಿಯಾಚೆ ನೋಡಿದ್ದನ್ನು ಕಂಡಿದ್ದೇನೆ.

ಟಿಲ್ ಎಂಬ ಪದದ ವಿಚಾರವನ್ನೂ ಹೇಳಿಬಿಡುತ್ತೇನೆ. ‘ವರೆಗೆ’ ಎಂಬುದನ್ನು ನಾವು ಹೊತ್ತಿಗೂ ಜಾಗಕ್ಕೂ ಬಳಸುತ್ತೇವೆ, ಸಂಜೆಯವರೆಗೆ, ಕಮಾನಿನವರೆಗೆ. ಟಿಲ್ ಹೊತ್ತಿಗೆ ಸೇರಿದ್ದು. ಜಾಗಕ್ಕೆ ‘ಅಪ್ ಟು ದ ಆರ್ಚ್’ ಅಥವಾ ‘ಆಸ್ ಫಾರ್ ಆಸ್ ದ ಆರ್ಚ್’ ಎನ್ನಬೇಕು. ಆದರೆ ‘ಗೋ ಸ್ಟ್ರೇಟ್ ಅನ್‌ಟಿಲ್ ಯು ಸೀ ದ ಆರ್ಚ್’ ಎಂಬುದು ಸರಿಯೇ, ಏಕೆಂದರೆ ಅಲ್ಲಿ ಅನ್‌ಟಿಲ್ ಮುಂದೆ ಜಾಗವಿಲ್ಲ, ಕಾಣುವ ಆ ಕ್ಷಣವಿದೆ. ಈ ಉಪಾಯ ತಿಳಿದ ಮೇಲೆ ಟಿಲ್ ಬಿಡಲಾಗದ ನಮ್ಮ ಹುಡುಗರು ‘ಯು ಸೀ’ ಸೇರಿಸಿ ಪಾರಾಗುತ್ತಾರೆ.

ಮರುಪ್ರಶ್ನೆ | ಕಕ್ಕಬ್ಬೆ ಸಂಜೆ ತರಗತಿ

ಚುಕ್ಕೆ, ಗೆರೆ, ಹಾಸು, ಆವರಣ ಎಂಬ ವಿಂಗಡಣೆಯನ್ನು ತರಗತಿಯಲ್ಲಿ ಬಳಸಿ ನೋಡಿದೆ. ತಡಿಯಂಡಮೋಳ್ ಚಾರಣದ ದಾರಿಯನ್ನು ಕಪ್ಪುಹಲಗೆಯ ಮೇಲೆ ಬರೆದು ಕೊಟ್ಟಾಗ ಹೆಚ್ಚಿನವರು ತಾವಾಗಿಯೇ ಸರಿಯಾದ ಪದಗಳಿಗೆ ಬಂದರು. ಎರಡು ಕಡೆ ಮಾತ್ರ ಸಿಕ್ಕಿಕೊಂಡೆವು. ಆನ್‌ಟು ಎಂದು ಕೂಡಿಸಿ ಬರೆಯುವುದು ಯಾವಾಗ, ಆನ್ ಟು ಎಂದು ಬಿಡಿಸಿ ಬರೆಯುವುದು ಯಾವಾಗ? ಮತ್ತು ಇಂಟು ಇರಬೇಕಾದ ಕಡೆಯೆಲ್ಲ ಇನ್ ಬಳಸುವವರನ್ನು ತಿದ್ದಬೇಕೇ? ‘ಪುಟ್ ದ ಬ್ಯಾಗ್ ಇನ್ ದ ಜೀಪ್’ ಎಂದು ಇಂಗ್ಲಿಷರೂ ಹೇಳುವುದನ್ನು ಕೇಳಿದ್ದೇವೆ.

ಉತ್ತರ | ನಿವೃತ್ತ ಇಂಗ್ಲಿಷ್ ಉಪನ್ಯಾಸಕ, ವಿರಾಜಪೇಟೆ

ಎರಡನೆಯದನ್ನು ಮೊದಲು ನೋಡೋಣ. ಪುಟ್, ಡ್ರಾಪ್, ಥ್ರೋ, ಜಂಪ್, ಫಾಲ್ ಎಂಬ ಕ್ರಿಯೆಗಳು ಕ್ಷಣದಲ್ಲಿ ಮುಗಿಯುವಂಥವು. ವಸ್ತು ಎಲ್ಲಿಗೆ ಹೋಯಿತು ಎಂಬುದೂ ಎಲ್ಲಿ ಉಳಿಯಿತು ಎಂಬುದೂ ಅಲ್ಲಿ ಬೇರೆ ಬೇರೆಯಾಗಿ ಕಾಣುವುದಿಲ್ಲ. ಆದ್ದರಿಂದ ಅಲ್ಲಿ ಇನ್, ಆನ್ ಸಾಕಾಗುತ್ತವೆ, ತಿದ್ದಬೇಕಾಗಿಲ್ಲ. ವಾಕ್, ರನ್, ಡ್ರೈವ್, ಸ್ವಿಮ್ ಎಂಬವು ಹೊತ್ತು ತೆಗೆದುಕೊಳ್ಳುವ ಕ್ರಿಯೆಗಳು. ‘ವಿ ವಾಕ್ಡ್ ಇನ್ ದ ಫಾರೆಸ್ಟ್’ ಎಂದರೆ ಕಾಡಿನೊಳಗೆ ಓಡಾಡುತ್ತಿದ್ದೆವು, ‘ವಿ ವಾಕ್ಡ್ ಇಂಟು ದ ಫಾರೆಸ್ಟ್’ ಎಂದರೆ ಹೊರಗಿದ್ದವರು ಒಳಹೊಕ್ಕೆವು. ಇಲ್ಲಿ ತಿದ್ದಲೇಬೇಕು. ‘ಕಾಡಿನಲ್ಲಿ’ ಮತ್ತು ‘ಕಾಡಿನೊಳಗೆ’ ಎಂಬ ನಮ್ಮ ಎರಡು ಮಾತುಗಳ ಅಂತರದಿಂದ ಇದನ್ನು ಪೂರ್ತಿ ಹಿಡಿಯಲಾಗದು, ಏಕೆಂದರೆ ‘ಕಾಡಿನೊಳಗೆ ನಡೆದೆವು’ ಎಂದರೆ ಎರಡೂ ಅರ್ಥ ಬರುತ್ತದೆ. ‘ಹೊಕ್ಕೆವು’ ಎಂಬ ಕ್ರಿಯಾಪದದಿಂದಲೇ ಹಿಡಿಯಬೇಕು.

ಆನ್‌ಟು ವಿಚಾರ. ಚಲನೆ ಒಂದು ಮೇಲ್ಮೈಯಲ್ಲಿ ಬಂದು ಕೊನೆಯಾದರೆ ಅದು ಕೂಡಿದ ಆನ್‌ಟು. ನಿಮ್ಮ ಚಾರಣದ್ದೇ ಉದಾಹರಣೆ ಕೊಡುವುದಾದರೆ, 1792ರಲ್ಲಿ ದೊಡ್ಡ ವೀರರಾಜೇಂದ್ರ ಕಟ್ಟಿಸಿದ ನಾಲ್ಕುನಾಡು ಅರಮನೆಯನ್ನು ಕಳೆದು ಏರುತ್ತಾ ಹೋದವರು ಶೋಲಾ ಕಾಡನ್ನು ಹಾದು ಬಯಲು ಹುಲ್ಲುಗಾವಲಿಗೆ ಬರುತ್ತಾರೆ: ‘ವಾಕ್ ಪಾಸ್ಟ್ ದ ಪ್ಯಾಲೆಸ್, ಅಪ್ ಥ್ರೂ ದ ಶೋಲಾ, ಔಟ್ ಆಫ್ ದ ಟ್ರೀಸ್ ಅಂಡ್ ಆನ್‌ಟು ದ ಗ್ರಾಸ್‌ಲ್ಯಾಂಡ್’. ಅಲ್ಲಿಂದ 1,748 ಮೀಟರ್ ಎತ್ತರದ ಶಿಖರಕ್ಕೆ ‘ಅಲಾಂಗ್ ದ ರಿಜ್ ಅಂಡ್ ಅಪ್ ಟು ದ ಟಾಪ್’. ಆದರೆ ಕಕ್ಕಬ್ಬೆಯಲ್ಲಿ ಚಹಾ ಕುಡಿದು ಪ್ರಯಾಣ ಮುಂದುವರಿಸಿ ವಿರಾಜಪೇಟೆಗೆ ಹೋದರೆ ‘ವಿ ಡ್ರೋವ್ ಆನ್ ಟು ವಿರಾಜಪೇಟೆ’. ಇಲ್ಲಿ ಆನ್ ಎಂದರೆ ಮುಂದಕ್ಕೆ, ಅದು ಕ್ರಿಯಾಪದಕ್ಕೆ ಸೇರಿದ್ದು. ಟು ಊರಿಗೆ ಸೇರಿದ್ದು. ಇವನ್ನು ಕೂಡಿಸಿದರೆ ಗಾಡಿಯನ್ನು ಊರಿನ ಮೇಲೆ ಹತ್ತಿಸಿದಂತಾಗುತ್ತದೆ. ಮೇಲ್ಮೈಯ ಅರ್ಥದಲ್ಲೂ ಬಿಡಿಸಿ ಬರೆಯುವ ರೂಢಿ ಬ್ರಿಟಿಷ್ ಬರಹದಲ್ಲಿ ಉಂಟು. ಆದ್ದರಿಂದ ಬಿಡಿಸಿ ಬರೆದವರಿಗೆ ಅಂಕ ಕಳೆಯಬೇಡಿ, ಕೂಡಿಸಬಾರದಲ್ಲಿ ಕೂಡಿಸಿದವರಿಗೆ ಮಾತ್ರ ಕಳೆಯಿರಿ.

ಉತ್ತರ | ಕಾಲೇಜು ವಿದ್ಯಾರ್ಥಿನಿ, ಕುಶಾಲನಗರ

ಇಷ್ಟೆಲ್ಲ ತಿದ್ದುಪಡಿ ಅಗತ್ಯವೇ ಎಂಬ ಪ್ರಶ್ನೆಯನ್ನು ಗೌರವದಿಂದಲೇ ಎತ್ತುತ್ತೇನೆ. ಬರುವ ಅತಿಥಿಗಳಲ್ಲಿ ಹೆಚ್ಚಿನವರು ಬೆಂಗಳೂರು, ಕೇರಳ, ತಮಿಳುನಾಡಿನವರು. ‘ಕಮ್ ಟಿಲ್ ದ ಗೇಟ್’, ‘ಗೆಟ್ ಡೌನ್ ಅಟ್ ದ ಬಸ್ ಸ್ಟ್ಯಾಂಡ್’ ಎಂಬುದನ್ನು ಅವರೂ ಹಾಗೆಯೇ ಹೇಳುತ್ತಾರೆ, ಹಾಗೆಯೇ ಅರ್ಥಮಾಡಿಕೊಳ್ಳುತ್ತಾರೆ. ಭಾರತದ ಇಂಗ್ಲಿಷಿಗೆ ಅದರದೇ ರೂಢಿಗಳಿರುವಾಗ ಲಂಡನ್ನಿನವರಿಗಾಗಿ ನಮ್ಮ ಮಾತನ್ನು ತಿದ್ದಿಕೊಳ್ಳುವುದು ಏಕೆ?

ಉತ್ತರ | ಕಾಫಿ ಬೆಳೆಗಾರ, ಸಿದ್ದಾಪುರ ಬದಿ

ನಿಮ್ಮ ಮಾತನ್ನು ಅರ್ಧ ಒಪ್ಪುತ್ತೇನೆ. ಗೆಟ್ ಡೌನ್, ರೀಚ್ ಟು, ಎಂಟರ್ ಇಂಟು ಇವು ಕಿವಿಗೆ ಒರಟಾದರೂ ಯಾರನ್ನೂ ದಾರಿ ತಪ್ಪಿಸುವುದಿಲ್ಲ. ಪರೀಕ್ಷೆ, ಸಂದರ್ಶನ, ಪತ್ರಗಳಿಗೆ ಬೇಕಾದವರು ತಿದ್ದಿಕೊಂಡರೆ ಸಾಕು. ಆದರೆ ಟು ಮತ್ತು ಟುವರ್ಡ್ಸ್, ಅಲಾಂಗ್ ಮತ್ತು ಅಕ್ರಾಸ್, ಇನ್ ಮತ್ತು ಇಂಟು ಅದಲುಬದಲಾದರೆ ಕೇಳಿದವರು ಬೇರೆಯದನ್ನೇ ಅರ್ಥಮಾಡಿಕೊಳ್ಳುತ್ತಾರೆ, ಅವರು ಬೆಂಗಳೂರಿನವರಾದರೂ ಅಷ್ಟೇ, ಲಂಡನ್ನಿನವರಾದರೂ ಅಷ್ಟೇ. ತರಗತಿಯ ಸಮಯ ಕಡಿಮೆಯಿದ್ದರೆ ಈ ಜೋಡಿಗಳಿಗೆ ಮೊದಲ ಸ್ಥಾನ ಕೊಡಿ ಎಂದು ನನ್ನ ಸಲಹೆ.

ಆ ಪಟ್ಟಿಗೆ ಇನ್ನೊಂದು ಜೋಡಿಯನ್ನು ಸೇರಿಸಬೇಕು: ಫ್ರಮ್ ಮತ್ತು ಆಫ್. ಇಲ್ಲಿ ಹೇಳುತ್ತಿರುವುದು ಎರಡು ಎಫ್ ಇರುವ ಆಫ್. ‘ಟೇಕ್ ದ ಮಡ್ ರೋಡ್ ಫ್ರಮ್ ಸಿದ್ದಾಪುರ’ ಎಂದರೆ ಮಣ್ಣು ರಸ್ತೆ ಸಿದ್ದಾಪುರದಲ್ಲೇ ಶುರುವಾಗುತ್ತದೆ ಎಂದು ತಿಳಿದು ಜನ ಪೇಟೆಯಲ್ಲಿ ಅದನ್ನು ಹುಡುಕುತ್ತಾರೆ. ‘ಟೇಕ್ ದ ಮಡ್ ರೋಡ್ ಆಫ್ ದ ಸಿದ್ದಾಪುರ ರೋಡ್’ ಎಂದರೆ ಸಿದ್ದಾಪುರದ ಡಾಂಬರು ರಸ್ತೆಯಲ್ಲಿ ಬರುತ್ತಾ ಎಲ್ಲೋ ನಡುವೆ ಕವಲೊಡೆಯುವ ರಸ್ತೆ. ತೋಟದ ಮನೆಗಳೆಲ್ಲ ಇರುವುದು ಇಂಥ ಕವಲುಗಳಲ್ಲಿಯೇ. ಕವಲು ಎಡಕ್ಕೋ ಬಲಕ್ಕೋ ಎಂಬುದನ್ನು ‘ಆನ್ ಯುವರ್ ಲೆಫ್ಟ್’ ಎಂದು ಸೇರಿಸಿ, ಯಾವ ಊರಿನ ಕಡೆಯಿಂದ ಬರುವಾಗ ಎಡ ಎಂಬುದನ್ನೂ ‘ಕಮಿಂಗ್ ಫ್ರಮ್ ಕುಶಾಲನಗರ’ ಎಂದು ಸ್ಪಷ್ಟಪಡಿಸಿ. ಪ್ರಿಪೊಸಿಷನ್ ಎಷ್ಟೇ ಸರಿಯಿದ್ದರೂ ಈ ಒಂದು ಮಾತು ಬಿಟ್ಟುಹೋದರೆ ಮಡಿಕೇರಿ ಕಡೆಯಿಂದ ಬಂದವರು ಎದುರು ಬದಿಯ ತೋಟಕ್ಕೆ ನುಗ್ಗುತ್ತಾರೆ.